ಒಂಟಿ ಮನೆಯ ಹಿರಿಯರಿಗೊಂದು ಮೂಕ ಕಾವಲು

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗರಲ್ಲಿ ಬಹುಮಂದಿ ಮೊದಲು ನೆಲೆ ಕಂಡುಕೊಂಡದ್ದು ಚಾಳುಗಳಲ್ಲಿ. ಅಲ್ಲಿ ಹಗಲಿಡೀ ಬಾಗಿಲು ತೆರೆದಿರುತ್ತಿತ್ತು. ಒಂದು ಖೋಲಿಯ ಕೆಮ್ಮು ಮತ್ತೊಂದು ಖೋಲಿಗೆ ಕೇಳಿಸುತ್ತಿತ್ತು. ಇಂದು ಅವೇ ಕುಟುಂಬಗಳು ಮುಲುಂಡ್, ಬೋರಿವಲಿ, ಡೊಂಬಿವಲಿ, ಮೀರಾ ರೋಡ್‌ಗಳ ಫ್ಲ್ಯಾಟುಗಳಲ್ಲಿವೆ. ಬಾಗಿಲಿಗೆ ತಾನಾಗಿ ಬೀಳುವ ಲ್ಯಾಚ್, ಅದರ ಹೊರಗೆ ಕಬ್ಬಿಣದ ಇನ್ನೊಂದು ಬಾಗಿಲು. ಮಕ್ಕಳು ಪುಣೆಯಲ್ಲೋ ದುಬೈಯಲ್ಲೋ ಅಮೆರಿಕದಲ್ಲೋ ಇರುವರು. ಒಳಗೆ ಎಪ್ಪತ್ತು ದಾಟಿದ ತಂದೆಯೋ ತಾಯಿಯೋ ಒಬ್ಬರೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ; ಅವರಲ್ಲಿ 60 ವರ್ಷ ಮೀರಿದವರೇ ಅಧಿಕ. ಬಿದ್ದ ಪೆಟ್ಟು ಒಂದು ತೆರನಾದರೆ, ಏಳಲಾರದೆ ನೆಲದ ಮೇಲೆಯೇ ಗಂಟೆಗಟ್ಟಲೆ ಉಳಿಯುವುದು ಇನ್ನೊಂದು ತೆರನಾದ ಅನರ್ಥ. ಒತ್ತಡಕ್ಕೆ ಸಿಕ್ಕ ಸ್ನಾಯುಗಳು ಕೆಟ್ಟು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಭಾರವಾಗುತ್ತದೆ. ದೇಹದ ನೀರು ಬತ್ತುತ್ತದೆ. ಒತ್ತುಹುಣ್ಣು, ಶ್ವಾಸಕೋಶದ ಸೋಂಕು ಹಿಂಬಾಲಿಸುತ್ತವೆ. ಆದಕಾರಣ, ಬಿದ್ದುದು ಎಷ್ಟು ಬೇಗ ಇನ್ನೊಬ್ಬರಿಗೆ ತಿಳಿಯಿತು ಎಂಬುದರ ಮೇಲೆಯೇ ಬಹಳಷ್ಟು ನಿಂತಿದೆ.

ಇದಕ್ಕೆ ಅನೇಕರು ಕಂಡುಕೊಂಡಿರುವ ಉಪಾಯ ಕ್ಯಾಮೆರಾ. ನನಗೆ ಅದು ಸಮ್ಮತವಲ್ಲ. ಹೆತ್ತವರು ಸೀರೆ ಉಡುವುದನ್ನು, ಹಲ್ಲುಸೆಟ್ಟು ತೆಗೆದಿಡುವುದನ್ನು ಮಗ ಮೊಬೈಲಿನಲ್ಲಿ ನೋಡಬಹುದಾದ ಏರ್ಪಾಡು ಆರೈಕೆಯಲ್ಲ, ಪಹರೆ. ಜಪಾನಿನ ಜೊಜಿರುಶಿ ಕಂಪನಿ 2001ರಲ್ಲಿ ಇದಕ್ಕಿಂತ ಮರ್ಯಾದೆಯ ದಾರಿ ತೋರಿಸಿತು: ವೃದ್ಧರ ಮನೆಯ ಬಿಸಿನೀರಿನ ವಿದ್ಯುತ್ ಪಾತ್ರೆ ಬಳಕೆಯಾದ ಸುದ್ದಿಯಷ್ಟೇ ದೂರದ ಬಂಧುಗಳಿಗೆ ತಲುಪುವ ವ್ಯವಸ್ಥೆ. ಚಿತ್ರವಿಲ್ಲ, ಮಾತಿಲ್ಲ, ಬೆಳಿಗ್ಗೆ ಚಹಾ ಆಯಿತೆಂದು ತಿಳಿದರೆ ಸಾಕು.

ಅಂಥದೇ ಕೆಲಸವನ್ನು ಚಲನೆಯನ್ನು ಗುರುತಿಸುವ ಸಣ್ಣ ಸೆನ್ಸರ್ ಮಾಡಬಲ್ಲುದು. ನಮ್ಮ ದೇಹ ಸದಾ ಹೊರಸೂಸುವ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಏರಿಳಿತವನ್ನು ಅದು ಅರಿಯುತ್ತದೆ. ಯಾರೆಂದು ಅದಕ್ಕೆ ಗೊತ್ತಿಲ್ಲ. ಅಲುಗದೆ ಬಿದ್ದಿರುವವರು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಲೆಕ್ಕವನ್ನು ತಿರುವಿ ಇಡಬೇಕು: ಚಲನೆ ಕಂಡಾಗ ಸುಮ್ಮನಿದ್ದು, ಬಹುಹೊತ್ತು ಕಾಣದಿದ್ದಾಗ ಗಂಟೆ ಬಾರಿಸಬೇಕು.

ಸೆನ್ಸರ್‌ಗೆ ಮಿದುಳಾಗಿ ಆರ್ಡುಯಿನೊ ಎಂಬ ಪುಟ್ಟ ಬೋರ್ಡು ಬೇಕು. 2005ರಲ್ಲಿ ಇಟಲಿಯ ಇವ್ರೇಯಾದಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಇದು ಇಂದು ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಇಂಜಿನಿಯರಿಂಗ್ ಓದುವ ಮೊಮ್ಮಕ್ಕಳಿಗೆ ಇದು ಆಟದ ಸಾಮಾನು. ಅವರು ಎಡವುವುದು ಬೇರೆಡೆ. ಸೆನ್ಸರ್ ಮಿತಾಹಾರಿ, ಒಂದು ಮಿಲಿಆಂಪಿಯರಿನ ಹತ್ತರಲ್ಲೊಂದು ಪಾಲೂ ಅದಕ್ಕೆ ಬೇಡ. ಆದರೆ ಸಾಮಾನ್ಯವಾಗಿ ಕೊಳ್ಳುವ ಊನೊ ಬೋರ್ಡು ಸುಮ್ಮನೆ ಕುಳಿತೇ 50 ಮಿಲಿಆಂಪಿಯರಿನಷ್ಟು ನುಂಗುತ್ತದೆ. ಕಾವಲುಗಾರನಿಗೆ ಏಕಾದಶಿ, ಅವನ ಯಜಮಾನನಿಗೆ ಹಬ್ಬದೂಟ! ಪೆನ್ಸಿಲ್ ಸೆಲ್ಲುಗಳು ಎರಡು ದಿನಕ್ಕೆ ಬರಿದು. ಯುಎಸ್‌ಬಿ ಚಿಪ್ಪಿಲ್ಲದ, 3.3 ವೋಲ್ಟಿನ ಪ್ರೊ ಮಿನಿ ಬೋರ್ಡು ಆರಿಸಿ, ಅದರ ಸೂಚಕ ದೀಪವನ್ನು ಕಿತ್ತು, ಚಿಪ್ಪನ್ನು ನಿದ್ರಾವಸ್ಥೆಯಲ್ಲಿಡಬೇಕು. ಎಂಟು ಸೆಕೆಂಡಿಗೊಮ್ಮೆ ಅದು ಕ್ಷಣಕಾಲ ಎಚ್ಚೆತ್ತು ಎಣಿಕೆ ಮುಂದುವರಿಸಲಿ. ಅದೇ ವೋಲ್ಟೇಜಿನಲ್ಲಿ ನಡೆಯುವ ಎಎಂ312 ಸೆನ್ಸರ್‌ಗೆ ಮೂರೇ ತಂತಿಗಳು: ಒಂದು ವಿದ್ಯುತ್ತಿಗೆ, ಒಂದು ಗ್ರೌಂಡಿಗೆ, ಸಂಕೇತದ್ದು ಎರಡನೆಯ ಪಿನ್ನಿಗೆ; ಮಲಗಿದ ಚಿಪ್ಪನ್ನು ಆ ಪಿನ್ನು ಎಬ್ಬಿಸಬಲ್ಲುದು. ಹೀಗೆ ಮಾಡಿದರೆ ಸೆಲ್ಲುಗಳು ತಿಂಗಳುಗಟ್ಟಲೆ ಬಾಳುತ್ತವೆ.

ಮೈಮೇಲೆ ಧರಿಸುವ, ಎಡಿಎಕ್ಸ್ಎಲ್362ರಂಥ ಇನ್ನೂ ಅಲ್ಪಾಹಾರಿ ಸೆನ್ಸರ್‌ಗಳುಂಟು; ಅವು 3.5 ವೋಲ್ಟಿನ ಮೇಲೆ ತಾಳವು, ಐದು ವೋಲ್ಟಿನ ಊನೊಗೆ ನೇರ ಜೋಡಿಸಿದರೆ ಕೆಟ್ಟಾವು. ಅದಿರಲಿ, ನಮ್ಮ ಅಜ್ಜಿಯಂದಿರು ಅಂಥದನ್ನು ಕೊರಳಿಂದ ತೆಗೆದು ದೇವರ ಗೂಡಿನಲ್ಲಿಟ್ಟು ಮರೆಯುವುದೇ ಹೆಚ್ಚು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯ ಗೋಡೆಯೇ ಲೇಸು. ಎದೆಯೆತ್ತರದಲ್ಲಿ ಅಂಟಿಸಿ, ಅದು ನೆಲದತ್ತ ನೋಡದಂತೆ ಮಸೂರದ ಒಂದು ಪಾಲನ್ನು ಪಟ್ಟಿಯಿಂದ ಮರೆಮಾಡಿದರೆ ಬೆಕ್ಕಿನ ಓಡಾಟವಾಗಲಿ, ಬಿದ್ದವರು ಕೈಯಾಡಿಸುವುದಾಗಲಿ ಅದನ್ನು ಮರುಳುಗೊಳಿಸದು. ಹಗಲು ಐದು ಗಂಟೆಯ ಗಡುವು ಸಾಕು, ರಾತ್ರಿಗೆ ಹೆಚ್ಚು ಬೇಕು. ಐದು ಗಂಟೆ ಅಲ್ಪಕಾಲವಲ್ಲ, ಬಲ್ಲೆ. ಮರುದಿನ ಕೆಲಸದಾಕೆ ಬಂದು ಬಾಗಿಲು ಬಡಿಯುವವರೆಗೆ ಕಾಯುವುದಕ್ಕಿಂತ ಮೇಲು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಗಾಳಿಯ ಬಿಸಿ ಮೈಬಿಸಿಗೆ ಸಮೀಪಿಸಿದಾಗ ಈ ಸೆನ್ಸರ್‌ನ ದೃಷ್ಟಿ ಮಂದವಾಗುವುದನ್ನೂ ನೆನಪಿಡಬೇಕು.

ಗಂಟೆ ಎಲ್ಲಿ ಬಾರಿಸಬೇಕು? ನನ್ನ ತಕರಾರು ಇರುವುದೇ ಇಲ್ಲಿ. ತರುಣರೆಲ್ಲ ಅದನ್ನು ಮೊಬೈಲಿಗೆ ಕಳುಹಿಸಲು ಹವಣಿಸುತ್ತಾರೆ. ದುಬೈಯಲ್ಲಿರುವ ಮಗನಿಗೆ ಸುದ್ದಿ ಮುಟ್ಟಿ ಅವನು ಮಾಡುವುದಾದರೂ ಏನು? ನೆರೆಯವರಿಗೇ ಫೋನು ಮಾಡುತ್ತಾನೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳಲ್ಲಿ ವಿದ್ಯುತ್ತೂ ಇರಲಿಲ್ಲ, ಫೋನೂ ಮೌನ. ಕೆಲಸಕ್ಕೆ ಹೋದವರು ದಾರಿಯಲ್ಲೇ ಇರುಳು ಕಳೆದರು. ಅಂಥ ದಿನ ಉಪಯೋಗಕ್ಕೆ ಬರುವುದು ಸೆಲ್ಲಿನಿಂದ ನಡೆಯುವ ಯಂತ್ರ, ಪಡಸಾಲೆ ದಾಟಿ ಎದುರು ಮನೆಗೆ ಎಳೆದ ತೆಳುತಂತಿ, ಅಲ್ಲೊಂದು ಬಜರ್, ಮತ್ತು ಆ ಮನೆಯ ಮೊಳೆಗೆ ತೂಗುಬಿಟ್ಟ ನಮ್ಮ ಮನೆಯ ಬೀಗದ ಕೈ. ಎದುರು ಮನೆಯವರು ಗುಜರಾತಿಗಳಿರಲಿ, ಮರಾಠಿಗರಿರಲಿ, ಮೊದಲು ಅವರೊಡನೆ ಕುಳಿತು ಮಾತನಾಡಬೇಕು. ಅದಕ್ಕೂ ಮೊದಲು ಹಿರಿಯರ ಒಪ್ಪಿಗೆ ಪಡೆಯಬೇಕು.

ಸೆಲ್ಲು ಬದಲಿಸಲು ಗಣೇಶ ಚೌತಿ ಒಳ್ಳೆಯ ಗುರುತು. ಊರಿಗೆ ಹೊರಡುವಾಗ ಬಾಗಿಲ ಬಳಿಯ ಸ್ವಿಚ್ ಆರಿಸಲು ಮಾತ್ರ ಮರೆಯಬಾರದು. ಇಲ್ಲವಾದರೆ ನಾವು ರೈಲಿನಲ್ಲಿ ಕಾಫಿ ಹೀರುತ್ತಿರುವ ಹೊತ್ತಿಗೆ ಎದುರು ಮನೆಯವರು ನಮ್ಮನ್ನು ಹುಡುಕುತ್ತ ಬಚ್ಚಲಿನ ಬಾಗಿಲು ಒಡೆದಾರು.