ಬಂಜೆ ಎನ್ನುವ ಬಾಯಿಗಳಿಗೆ

ಗರ್ಭಕೋಶಕ್ಕೆ ಇಳಿಯದೆ ಟ್ಯೂಬಿನಲ್ಲೇ ಬಸಿರು ನಿಂತು ಒಡೆದರೆ ಜೀವಕ್ಕೇ ಕುತ್ತು. ನಮ್ಮ ಚೆಲುವಾಂಬ ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬದುಕಿ ಬಂದವಳಿಗೆ ಅತ್ತೆಮನೆಯ ಮೊದಲ ಪ್ರಶ್ನೆ: "ಇನ್ನು ಮಕ್ಕಳಾಗುತ್ತವಾ?"

ಆಗುತ್ತವೆ! ಇನ್ನೊಂದು ಟ್ಯೂಬು ಚೆನ್ನಾಗಿದ್ದರೆ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಮತ್ತೆ ಬಸಿರು ನಿಲ್ಲುತ್ತದೆ. ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಪಡೆದವಳು ಮಾತ್ರ ಕನಿಷ್ಠ 3 ತಿಂಗಳು ಕಾಯಲೇಬೇಕು. ಅಷ್ಟು ಕಾಯುವ ಸಹನೆ ಗಂಡನಿಗಿದೆಯೇ? ಹತ್ತರಲ್ಲಿ ಒಬ್ಬಳಿಗೆ ಮತ್ತೆ ಟ್ಯೂಬಿನಲ್ಲೇ ನಿಲ್ಲುವುದುಂಟು. ಮುಟ್ಟು ತಪ್ಪಿದ ಕೂಡಲೇ ವೈದ್ಯರಿಗೆ ತೋರಿಸಿ, 6-7 ವಾರಕ್ಕೆ ಸ್ಕ್ಯಾನ್ ಆಗಲೇಬೇಕು.

ಬಂಜೆಯೆಂದು ಹಂಗಿಸಿ ಎರಡನೇ ಮದುವೆಯ, ಎರಡನೇ ವರದಕ್ಷಿಣೆಯ ಲೆಕ್ಕ ಹಾಕುವವರು ಕೇಳಲಿ: ಮಕ್ಕಳಾಗಲಿಲ್ಲವೆಂದು ಹೀಯಾಳಿಸುವುದೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 3ನೇ ಕಲಮಿನಲ್ಲಿ ದೌರ್ಜನ್ಯವೇ. ದೂರು ಕೊಡಲು ಸಿಡಿಪಿಒ ಕಚೇರಿಗೆ ಅವಳ ಜೊತೆ ಹೋಗೋಣ. ಹಸು ಕೊಳ್ಳಲು ಸಾಲ ಕೊಡುವ ನಮ್ಮ ಸಂಘಗಳು ಅವಳ ಸ್ಕ್ಯಾನಿಗೂ ಕೊಡಲಿ.