ಸೊನ್ನೆ ಹೇಳಿಕೊಟ್ಟ ಲೆಕ್ಕ

ಮಕ್ಕಳೇ, ಹೋದ ಭಾನುವಾರ ಗೋವಿನಕೋವಿಯ ನಮ್ಮ ಮನೆಯಲ್ಲಿ ಒಂದು ಸೊನ್ನೆ ಕೋಳಿಮೊಟ್ಟೆಯಾಯಿತು. ಅದರ ಕಥೆಯೇ ಈ ವಾರದ್ದು.

ಒಂಬತ್ತನೇ ತರಗತಿಯ ನನ್ನ ಮೊಮ್ಮಗ ದಸರಾ ರಜೆಯಲ್ಲಿ ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಒಂದು ಪುಟ್ಟ ಸಿಎನ್‌ಸಿ ರೂಟರ್ ಕಟ್ಟಿದ್ದಾನೆ. ಮರದಲ್ಲಿ ಅಕ್ಷರ, ಚಿತ್ತಾರ ಕೊರೆಯುವ ಯಂತ್ರ ಅದು. ಎಡ-ಬಲಕ್ಕೆ ಒಂದು, ಹಿಂದೆ-ಮುಂದೆ ಒಂದು, ಮೇಲೆ-ಕೆಳಗೆ ಒಂದು ಎಂದು ಮೂರು ಮೋಟಾರು. ಕಂಪ್ಯೂಟರು ಹೇಳಿದಂತೆ ಇವು ಕೊರೆಯುವ ಬಿಟ್ಟನ್ನು ಓಡಾಡಿಸುತ್ತವೆ.

ಬಾಗಿಲ ಮೇಲೆ ‘ತುಂಗಭದ್ರಾ’ ಎಂದು ಮನೆಯ ಹೆಸರು ಹಾಕಬೇಕೆಂದು ನಮ್ಮ ಆಸೆ. ಅದಕ್ಕೆ ಇಟ್ಟುಕೊಂಡಿದ್ದು ಒಂದೇ ಒಂದು ಸಾಗುವಾನಿ ಹಲಗೆ. ನಮ್ಮವ್ವ ಕಾಳು ತುಂಬಿಡುತ್ತಿದ್ದ ಪೆಟ್ಟಿಗೆಯ ಮುಚ್ಚಳ ಅದು. ಕೆಟ್ಟರೆ ಇನ್ನೊಂದಿಲ್ಲ. ಹಾಗಾಗಿ ಮೊದಲು ಪ್ಲೈವುಡ್ ಮೇಲೆ ಕೊರೆದು ನೋಡಿದೆವು. ಸುತ್ತಲಿನ ದೊಡ್ಡ ಚೌಕಟ್ಟು ಚೆನ್ನಾಗಿಯೇ ಬಂತು. ‘ತುಂ’ ಅಕ್ಷರದ ಸೊನ್ನೆ ಮಾತ್ರ ಮೊಟ್ಟೆಯ ಹಾಗೆ ಉದ್ದವಾಗಿ, ಬಾಯಿ ಮುಚ್ಚದೆ ನಿಂತಿತು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಅಳತೆ ತಪ್ಪು ಕೊಟ್ಟೀಯ. ಆ ಕಂಪ್ಯೂಟರಿನ ಮುಂದೆ ಕೂತರೆ ನಿನಗೆ ಮೈಮೇಲೆ ಎಚ್ಚರವೇ ಇರಲ್ಲ” ಎಂದುಬಿಟ್ಟೆ.

“ಸರಿಯಾಗೇ ಕೊಟ್ಟೀನಿ ಅಜ್ಜ” ಎಂದ ಹುಡುಗ ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಆಗ ನನಗೆ ಹಳೆಯದೊಂದು ನೆನಪಾಗಿ ಗಂಟಲು ಕಟ್ಟಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಕಂಪ್ಯೂಟರ್ ಇರಲಿಲ್ಲ. ಎಲ್ಲವೂ ದಪ್ಪ ದಪ್ಪ ಲೆಡ್ಜರುಗಳಲ್ಲಿ. ಒಂದು ಸಲ ತಾಳೆ ನೋಡುವಾಗ 540 ರೂಪಾಯಿ ವ್ಯತ್ಯಾಸ ಬಂತು. ಹೊಸದಾಗಿ ಸೇರಿದ್ದ ಹುಡುಗನೊಬ್ಬನ ಮೇಲೆ ಎಲ್ಲರ ಕಣ್ಣು ಬಿತ್ತು. ಅವನು ಎರಡು ರಾತ್ರಿ ಕೂತು ಹುಡುಕಿದ. ಮೂರನೆಯ ದಿನ ನಮ್ಮ ಹಿರಿಯ ಗುಮಾಸ್ತರು ಬಂದು, “540 ಒಂಬತ್ತರಿಂದ ಭಾಗವಾಗುತ್ತದಲ್ಲ, ಯಾರೋ ಅಂಕಿ ಹಿಂದುಮುಂದು ಮಾಡಿರಬಹುದು, ನೋಡ್ರಪ್ಪ” ಎಂದರು. ನೋಡಿದರೆ 1,820 ಎಂದು ಬರೆಯಬೇಕಾದ ಕಡೆ 1,280 ಎಂದಿತ್ತು. ಅಕ್ಷರ ನನ್ನದೇ! ನಾನು ಧೈರ್ಯ ಮಾಡಿ ಅವನ ಕ್ಷಮೆ ಕೇಳುವಷ್ಟರಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಗಿತ್ತು.

ಅಂದು ಕಲಿತದ್ದು ಇಷ್ಟು: ತಪ್ಪು ತನ್ನ ವಿಳಾಸವನ್ನು ತಾನೇ ಬರೆದುಕೊಂಡಿರುತ್ತದೆ. ಬೈಯುವ ಮೊದಲು ಅದನ್ನು ಓದಬೇಕು.

ಸಂಜೆ ಮೊಮ್ಮಗನನ್ನು ಕರೆದು, “ತಪ್ಪು ಎಷ್ಟು ಅಂತ ಅಳೆಯೋಣ ಬಾ” ಎಂದೆ. ಮರ ಹಾಳು ಮಾಡುವುದು ಬೇಡವೆಂದು ಅವನು ಕೊರೆಯುವ ಮೋಟಾರು ಬಂದ್ ಮಾಡಿ, ಬಿಟ್ಟಿನ ಜಾಗಕ್ಕೆ ಬಾಲ್‌ಪೆನ್ನಿನ ರೀಫಿಲ್ ಬಿಗಿದ. ಕೆಳಗೆ ಕಾಗದ ಅಂಟಿಸಿದ. ಪ್ರತಿಸಲವೂ ಎಡಕ್ಕೆ ವಾಪಸು ಬಂದು ಬಲಕ್ಕೆ ಗೆರೆ ಎಳೆಯುವಂತೆ ಹೇಳಿದೆವು. 100 ಮಿಲಿಮೀಟರ್ ಕೇಳಿದರೆ 99 ಬಂತು. 50 ಕೇಳಿದರೆ 49. 20 ಕೇಳಿದರೆ 19. ಹಿಂದೆ-ಮುಂದಿನ ಗೆರೆಗಳು ಮಾತ್ರ ಸರಿಯಾಗಿದ್ದವು.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. 100ಕ್ಕೆ 98, 50ಕ್ಕೆ 49 ಬಂದಿದ್ದರೆ ಗೆರೆ ಉದ್ದವಾದಷ್ಟೂ ತಪ್ಪು ಹೆಚ್ಚಿದಂತೆ. ಆಗ ‘ಒಂದು ಮಿಲಿಮೀಟರಿಗೆ ಮೋಟಾರು ಎಷ್ಟು ಹೆಜ್ಜೆ ಇಡಬೇಕು’ ಎಂಬ ಲೆಕ್ಕವೇ ತಪ್ಪಿದೆ ಎಂದರ್ಥ. ತ್ರೈರಾಶಿ ಹಾಕಿ ಸರಿಪಡಿಸಬಹುದು. ಒಂದೇ ಗೆರೆ ಒಮ್ಮೆ 99, ಒಮ್ಮೆ 97, ಒಮ್ಮೆ 95 ಬಂದರೆ ಎಲ್ಲೋ ಜಾರುತ್ತಿದೆ. ಅಥವಾ ವೇಗ ಹೆಚ್ಚಾಗಿ ಮೋಟಾರು ಹೆಜ್ಜೆ ತಪ್ಪುತ್ತಿದೆ. ನಮ್ಮದು ಎರಡೂ ಅಲ್ಲ. ಗೆರೆ ಉದ್ದವಿರಲಿ, ಗಿಡ್ಡವಿರಲಿ, ಪ್ರತಿಸಲವೂ ಒಂದೇ ಮಿಲಿಮೀಟರ್ ಮಾಯ. ದೊಡ್ಡ ಚೌಕಟ್ಟಿನಲ್ಲಿ ಒಂದು ಮಿಲಿಮೀಟರ್ ಕಣ್ಣಿಗೆ ಕಾಣದು. ಪುಟ್ಟ ಸೊನ್ನೆಯಲ್ಲಿ ಮುಚ್ಚಿಡಲಾಗದು.

ಪಕ್ಕದ ಮನೆಯ ಬಡಗಿ ಆಚಾರ್ರನ್ನು ಕರೆದೆ. ಪ್ಲಗ್ ಕಿತ್ತಿಟ್ಟೆವು. ಮೊಮ್ಮಗ ಉದ್ದನೆಯ ಸ್ಕ್ರೂ ದಂಡ ತಿರುಗದಂತೆ ಹಿಡಿದ. ಆಚಾರ್ರು ಬಿಟ್ ಹೊತ್ತ ಗಾಡಿಯನ್ನು ಎಡಕ್ಕೂ ಬಲಕ್ಕೂ ನೂಕಿ, “ಯಜಮಾನ್ರೇ, ಇದು ಲೊಡಲೊಡ ಅಂತದೆ!” ಎಂದರು. ದಂಡದ ಮೇಲಿನ ಹಿತ್ತಾಳೆ ನಟ್ಟನ್ನು ಗಾಡಿಗೆ ಹಿಡಿದಿಡುವ ಪುಟ್ಟ ಸ್ಕ್ರೂಗಳು ಸಡಿಲವಾಗಿದ್ದವು.

ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಹೊರಡುವುದನ್ನು ನೋಡಿದ್ದೀರಲ್ಲ? ಕೊಂಡಿಯ ತೂತಿನಲ್ಲಿ ಪಿನ್ನು ಸಡಿಲವಿದ್ದರೆ ಟ್ರ್ಯಾಕ್ಟರ್ ಚೂರು ಮುಂದೆ ಹೋದ ಮೇಲೆ ಟ್ರೇಲರ್ ‘ದಡ್’ ಎಂದು ಅಲುಗುತ್ತದೆ. ರಿವರ್ಸ್ ತೆಗೆದಾಗಲೂ ಹಾಗೆಯೇ. ನಮ್ಮ ಯಂತ್ರದಲ್ಲೂ ಅದೇ ಆಗಿದ್ದು. ದಿಕ್ಕು ಬದಲಾದಾಗಲೆಲ್ಲ ಮೊದಲ ಒಂದು ಮಿಲಿಮೀಟರ್ ಸಡಿಲ ತುಂಬುವುದರಲ್ಲೇ ಕಳೆದುಹೋಗುತ್ತಿತ್ತು. ನಮ್ಮ ಕನ್ನಡ ಅಕ್ಷರಗಳೋ ಎಲ್ಲ ದುಂಡು ದುಂಡು. ಒಂದೊಂದು ಅಕ್ಷರದಲ್ಲೂ ಬಿಟ್ಟು ಎಷ್ಟು ಸಲ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊರಳಬೇಕು!

ಹಾಗಾದರೆ ಯಂತ್ರಕ್ಕೆ ಇದು ಗೊತ್ತಾಗಲಿಲ್ಲವೇ? ಇಲ್ಲ. ಅಂಕಿಗಳ ಆಜ್ಞೆಯಿಂದ ಯಂತ್ರ ನಡೆಸುವ ವಿದ್ಯೆ ಹಳೆಯದೇ. 1952ರಲ್ಲೇ ಅಮೆರಿಕದ ಎಂಐಟಿಯಲ್ಲಿ, ತೂತು ಹೊಡೆದ ಪಟ್ಟಿಯನ್ನು ಓದಿ ಲೋಹ ಕೊರೆಯುವ ಯಂತ್ರವನ್ನು ಮಾಡಿ ತೋರಿಸಿದ್ದರು. ಆದರೆ ಮನೆಯಲ್ಲಿ ಕಟ್ಟುವ ಇಂಥ ಅಗ್ಗದ ಯಂತ್ರಗಳಿಗೆ ಸಾಮಾನ್ಯವಾಗಿ ಕಣ್ಣಿರುವುದಿಲ್ಲ. ನಮ್ಮ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಹೆಜ್ಜೆ ಎಣಿಸುವುದಷ್ಟೇ ಕಂಪ್ಯೂಟರಿನ ಕೆಲಸ. ಬಿಟ್ಟು ನಿಜವಾಗಿ ಎಲ್ಲಿದೆ ಎಂದು ಅದು ನೋಡುವುದಿಲ್ಲ. ಪುಸ್ತಕದಲ್ಲಿ 100 ಎಂದಿದೆ, ಪೆಟ್ಟಿಗೆಯ ನಗದು ಎಣಿಸಿದವರಿಲ್ಲ! ನಮ್ಮ ಸಾಗರ, ಸೊರಬದ ಗುಡಿಗಾರರು ಗಂಧದ ಮರ ಕೆತ್ತುವಾಗ ಒಂದೊಂದು ಏಟಿಗೂ ನೋಡಿ ಮುಂದಿನ ಏಟು ಹಾಕುತ್ತಾರೆ. ಯಂತ್ರದ ಪರವಾಗಿ ಆ ನೋಡುವ ಕೆಲಸ ನಾವು ಮಾಡಬೇಕು.

ಅಲೆನ್ ಕೀ ಹಾಕಿ ಸ್ಕ್ರೂ ಬಿಗಿದೆವು. ಮತ್ತೆ ಮೂರು ಗೆರೆ ಎಳೆಸಿದೆವು. ಸ್ಕೇಲಿಟ್ಟು ನೋಡಿದರೆ 100, 50, 20. ಪ್ಲೈವುಡ್ಡಿನ ಸೊನ್ನೆ ಬಾಯಿ ಮುಚ್ಚಿತು.

“ನೀನು ಅಳತೆ ಸರಿಯಾಗೇ ಕೊಟ್ಟಿದ್ದೆ ಮಗಾ. ಅಳೆಯದೆ ಮಾತಾಡಿದ್ದು ನನ್ನ ತಪ್ಪು” ಎಂದೆ. ಅವನು ನಕ್ಕು, “ಸ್ಕ್ರೂ ಬಿಗಿ ಮಾಡದೆ ಬಿಟ್ಟಿದ್ದು ನಾನೇ ಅಲ್ವಾ ಅಜ್ಜ?” ಎಂದ. ಇಬ್ಬರ ಖಾತೆಯೂ ಚುಕ್ತಾ ಆಯಿತು. ಆಮೇಲೆ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವ್ವನ ಹಲಗೆಯನ್ನು ಯಂತ್ರದ ಮೇಲಿಟ್ಟೆವು. ಈಗ ಅದು ಬಾಗಿಲ ಮೇಲಿದೆ.

ಈ ವಾರದ ಕೆಲಸ: ಅಜ್ಜ ಅಥವಾ ಅಜ್ಜಿಯ ಜೊತೆ ಕೂತು ಯಾವುದಾದರೂ ಎರಡಂಕಿಯ ಸಂಖ್ಯೆ ಬರೆಯಿರಿ. ಅಂಕಿಗಳನ್ನು ತಿರುಗಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 72ರಲ್ಲಿ 27 ಕಳೆದರೆ 45. ಉತ್ತರ ಯಾವಾಗಲೂ ಒಂಬತ್ತರಿಂದ ಏಕೆ ಭಾಗವಾಗುತ್ತದೆ? ಮುಂದಿನ ವಾರ ನೋಡೋಣ.