ಬಿಲ್ಡ್ ಕಳಿಸಿದ್ದೀನಿ, ನೋಡ್ಕೊಳ್ಳಿ

ಸಂಜೆ ಏಳೂವರೆಗೆ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫೈಲ್ ಬಂದು ಬೀಳುತ್ತದೆ. ಕೆಳಗೆ ಒಂದೇ ಸಾಲು: 'ಬಿಲ್ಡ್ ಕಳಿಸಿದ್ದೀನಿ, ನೋಡ್ಕೊಳ್ಳಿ.' ಕಳಿಸಿದವನು ಲ್ಯಾಪ್‌ಟಾಪ್ ಮುಚ್ಚಿ ಕ್ಯಾಬ್ ಹತ್ತುತ್ತಾನೆ. ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಾಗ ಅವನ ತಲೆಯಲ್ಲಿರುವುದು ಟ್ರಾಫಿಕ್ ಮಾತ್ರ. ಅವನ ಪಾಲಿಗೆ ಕೆಲಸ ಮುಗಿದಿದೆ. ಆ ಫೈಲನ್ನು ಫೋನಿಗೆ ಹಾಕಿಕೊಳ್ಳಲು ಕೂತವರ ಪಾಡು ಮಾತ್ರ ಆಗಷ್ಟೇ ಶುರುವಾಗಿರುತ್ತದೆ.

ಹತ್ತು ವರ್ಷದಿಂದ ಮೊಬೈಲ್ ಆ್ಯಪ್ ಮಾಡುವ ಕೆಲಸದಲ್ಲಿದ್ದೇನೆ. ಆ ಸಾಲನ್ನು ನಾನೂ ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೇನೆ. ಈಗ ಹೇಳುತ್ತೇನೆ ಕೇಳಿ: ನಮ್ಮ ಕಸುಬಿನಲ್ಲಿ ಅದಕ್ಕಿಂತ ಬೇಜವಾಬ್ದಾರಿಯ ಮಾತು ಇನ್ನೊಂದಿಲ್ಲ.

ಯಾಕೆ ಅಂತ ಹೇಳಬೇಕಾದರೆ ನನ್ನ ಒಂದು ತಪ್ಪನ್ನೂ ಹೇಳಬೇಕು.

ಎರಡು ಕೆಲಸದ ಹಿಂದೆ ನಾನಿದ್ದ ಕಂಪನಿ ನಾಗವಾರದ ಹತ್ತಿರ. ಸಣ್ಣ ಅಂಗಡಿಯವರು ಉದ್ರಿ ಲೆಕ್ಕ ಬರೆದಿಟ್ಟುಕೊಳ್ಳುವ ಆ್ಯಪ್ ಮಾಡುತ್ತಿದ್ದೆವು. ಟೆಸ್ಟಿಂಗಿಗೆ ಮ್ಯಾನ್‌ಪವರ್ ಏಜೆನ್ಸಿಯೊಂದರ ಮೂಲಕ ಬಂದಿದ್ದವರು ಆರ್.ಟಿ. ನಗರದ ಒಬ್ಬ ಹೆಣ್ಣುಮಗಳು. ಮೂರು ತಿಂಗಳ ಕಾಂಟ್ರಾಕ್ಟ್, ಮನೆಯಿಂದಲೇ ಕೆಲಸ, ಸ್ವಂತ ಫೋನು. ಎರಡನೇ ವಾರಕ್ಕೇ ಅವರು ಗ್ರೂಪಿನಲ್ಲಿ ಹಾಕಿದರು: 'ಸಾರ್, ಹೊಸ ಬಿಲ್ಡ್ ಇನ್‌ಸ್ಟಾಲ್ ಆಗ್ತಿಲ್ಲ. ಆ್ಯಪ್ ನಾಟ್ ಇನ್‌ಸ್ಟಾಲ್ಡ್ ಅಂತ ಬರ್ತಿದೆ.' ನಮ್ಮ ಹುಡುಗನೊಬ್ಬ ತಕ್ಷಣ ಉತ್ತರ ಕೊಟ್ಟ: 'ಹಳೇದು ತೆಗೆದು ಮತ್ತೆ ಹಾಕ್ಕೊಳ್ಳಿ. ನನ್ನ ಫೋನಲ್ಲಿ ಓಡ್ತಿದೆ.'

ಅವರು ತೆಗೆದು ಹಾಕಿಕೊಂಡರು. ಹಳೆಯ ಆ್ಯಪಿನ ಜೊತೆಗೆ ಎರಡು ವಾರ ಕೂತು ತುಂಬಿಸಿದ್ದ ಲೆಕ್ಕಗಳೂ ಹೋದವು. ಮುಂದಿನ ವಾರ ಒಂದು ಬಿಲ್ಡ್ ಸಲೀಸಾಗಿ ಕೂತಿತು, ಅದರ ಮರುದಿನದ್ದು ಕೂರಲಿಲ್ಲ. ಎಲ್ಲದರ ಮೇಲೂ ಬರೆದಿದ್ದ ನಂಬರ್ ಒಂದೇ, 1.4.0. ಅವರ ಫೋನಿನಲ್ಲಿರುವುದು ಯಾವ ದಿನದ ಬಿಲ್ಡ್ ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವರು ಬಗ್ ಬರೆದರೆ ನಾವು 'ಇದು ಆಗಲೇ ಸರಿಯಾಗಿದೆ' ಅಂತ ಮುಚ್ಚುತ್ತಿದ್ದೆವು. 'ಬಿಲ್ಡ್ ನಂಬರ್ ಹೇಳ್ತೀರಾ ಸಾರ್?' ಅಂತ ಅವರು ಎರಡು ಸಲ ಕೇಳಿದ್ದರು. ಆ ಮೆಸೇಜುಗಳಿಗೆ ಯಾರೋ ಒಂದು ಥಂಬ್ಸ್ ಅಪ್ ಒತ್ತಿದ್ದರು, ಅಷ್ಟೇ.

ಮೂರು ತಿಂಗಳು ತುಂಬಿದಾಗ ರಿವ್ಯೂ ಕಾಲ್. ಮ್ಯಾನೇಜರ್ ಶೀಟ್ ತೆರೆದರು. ಹನ್ನೊಂದು ಬಗ್, ಅದರಲ್ಲಿ ಏಳು ಕ್ಲೋಸ್ಡ್. 'ಏನಂತೀರ?' ಅಂತ ನನ್ನನ್ನು ಕೇಳಿದರು. ನಾನು 'ಸ್ವಲ್ಪ ಸ್ಲೋ ಅನ್ಸತ್ತೆ' ಅಂದೆ. ಮೂರೇ ಪದ. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ಹತ್ತು ದಿನ ಆದಮೇಲೆ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಬೇಳೆಕಾಳಿನ ಅಂಗಡಿಗೆ ಹೋಗಿದ್ದೆ. ಅಂಗಡಿ ಯಜಮಾನರು ನಮ್ಮ ಆ್ಯಪನ್ನು ಬಳಸಿ ನೋಡಲು ಒಪ್ಪಿಕೊಂಡಿದ್ದರು. ಅವರ ಫೋನಿನಲ್ಲೂ ಅದೇ ಸಾಲು: ಆ್ಯಪ್ ನಾಟ್ ಇನ್‌ಸ್ಟಾಲ್ಡ್. ಮೂಟೆಯ ಮೇಲೆ ಕೂತು, ಅವರ ಫೋನನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅದೇ ಫೈಲನ್ನು ಅಲ್ಲಿಂದ ಹಾಕಿ ನೋಡಿದೆ. ಫೋನಿನ ಪರದೆ ಹೇಳದ ಕಾರಣವನ್ನು ಲ್ಯಾಪ್‌ಟಾಪ್ ಹೇಳಿತು: ಫೋನಿನಲ್ಲಿರುವ ಪ್ರತಿಯ ಸಹಿ ಬೇರೆ, ಈಗ ಹಾಕುತ್ತಿರುವ ಪ್ರತಿಯ ಸಹಿ ಬೇರೆ.

ಐದು ನಿಮಿಷ ಹಿಡಿಯಿತು, ಅಷ್ಟೇ. ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಆ ಐದು ನಿಮಿಷ ಕೊಟ್ಟಿರಲಿಲ್ಲ.

ಆಂಡ್ರಾಯ್ಡಿನಲ್ಲಿ ಪ್ರತಿ ಆ್ಯಪಿಗೂ ಮಾಡಿದವರ ಡಿಜಿಟಲ್ ಸಹಿ ಇರಲೇಬೇಕು. ಸಹಿ ಹೊಂದದಿದ್ದರೆ ಹಳೆಯದರ ಮೇಲೆ ಹೊಸದು ಕೂರುವುದಿಲ್ಲ. ನಿಮ್ಮ ಬ್ಯಾಂಕ್ ಆ್ಯಪಿನ ಮೇಲೆ ಕಳ್ಳನೊಬ್ಬ ತನ್ನ ಆ್ಯಪನ್ನು ಕೂರಿಸದಂತೆ ತಡೆಯುವುದು ಇದೇ ನಿಯಮ. ಡೆವಲಪರ್ ಪರೀಕ್ಷೆಗೆ ಮಾಡುವ ಡಿಬಗ್ ಬಿಲ್ಡಿಗೆ ಅವನ ಕಂಪ್ಯೂಟರ್ ತಾನಾಗಿಯೇ ಒಂದು ಕೀ ಹುಟ್ಟಿಸಿಕೊಂಡು ಸಹಿ ಹಾಕುತ್ತದೆ. ಒಂದೊಂದು ಕಂಪ್ಯೂಟರಿಗೂ ಒಂದೊಂದು ಕೀ. ನಮ್ಮಲ್ಲಿ ಕೆಲವು ದಿನ ಬಿಲ್ಡ್ ಸರ್ವರಿನಿಂದ ಹೋಗುತ್ತಿತ್ತು, ಅವಸರವಿದ್ದ ದಿನ ಯಾರದೋ ಲ್ಯಾಪ್‌ಟಾಪಿನಿಂದ. ಇನ್‌ಸ್ಟಾಲ್ ಆಗದಿದ್ದದ್ದು ಆ ಲ್ಯಾಪ್‌ಟಾಪಿನ ಬಿಲ್ಡುಗಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ನಮ್ಮ ಟೀಮಿನಲ್ಲಿ ಬಹಳ ಚಾಲ್ತಿಯಲ್ಲಿತ್ತು. ಟೆಸ್ಟರುಗಳ ಬಗ್ಗೆಯೇ ಹೇಳುತ್ತಿದ್ದೆವು. ಈ ಸಲ ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವರು ನಾವು, ಕೆಲಸ ಹೋದದ್ದು ಅವರದು.

ಇದೊಂದು ಅಪರೂಪದ ಕಥೆ ಅಂದುಕೊಳ್ಳಬೇಡಿ. ಬಿಲ್ಡ್ ತಲುಪದಿರಲು ಕಾರಣಗಳು ಕೈಬೆರಳೆಣಿಕೆಯಷ್ಟು, ಮತ್ತು ಹೆಚ್ಚಿನವು ಕಳಿಸುವವರ ಕಡೆಯವೇ.

ಪ್ಲೇ ಸ್ಟೋರ್ ಮೂಲಕ ಟೆಸ್ಟಿಂಗ್ ಲಿಂಕ್ ಕಳಿಸುತ್ತೀರಿ. ಟೆಸ್ಟರ್ ಅದನ್ನು ಬ್ರೌಸರಿನಲ್ಲಿ ಆಫೀಸ್ ಅಕೌಂಟಿನಿಂದ ತೆರೆದು ಒಪ್ಪಿಗೆ ಕೊಡುತ್ತಾರೆ. ಫೋನಿನ ಪ್ಲೇ ಸ್ಟೋರ್ ನಡೆಯುತ್ತಿರುವುದು ಮನೆಯ ಜಿಮೇಲಿನಿಂದ. ಆ್ಯಪ್ ಸಿಗುವುದಿಲ್ಲ. ಎರಡೂ ಕಡೆ ಒಂದೇ ಅಕೌಂಟ್ ಇರಬೇಕು ಅಂತ ಲಿಂಕಿನ ಜೊತೆ ಒಂದು ಸಾಲು ಬರೆಯಲು ನಿಮಗೇನು ಕಷ್ಟ? ಇನ್ನೊಬ್ಬರ ಫೋನು ಅಗ್ಗದ್ದು, ಅದರಲ್ಲಿರುವುದು 32 ಬಿಟ್ ಆಂಡ್ರಾಯ್ಡ್. ನೀವು 64 ಬಿಟ್‌ಗೆ ಮಾತ್ರ ಕಟ್ಟಿದ ಫೈಲ್ ಕಳಿಸಿದ್ದೀರಿ. ಅದು ಸಾವಿರ ಸಲ ಒತ್ತಿದರೂ ಕೂರುವುದಿಲ್ಲ. ಮತ್ತೊಬ್ಬರ ಫೋನಿನಲ್ಲಿ ಆಗಲೇ ಪ್ಲೇ ಸ್ಟೋರಿನಿಂದ ಬಂದ ಪ್ರತಿ ಇದೆ, ಅದಕ್ಕೆ ಸಹಿ ಹಾಕಿರುವುದು ಗೂಗಲ್ ಬಳಿ ಇರುವ ಕೀ. ಅದರ ಮೇಲೆ ನಿಮ್ಮ ಲ್ಯಾಪ್‌ಟಾಪಿನ ಎಪಿಕೆ ಹೇಗೆ ಕೂರುತ್ತೆ?

ಐಫೋನಿನವರು ನಗಬೇಡಿ. ನೇರವಾಗಿ ಬಿಲ್ಡ್ ಕೊಡುವ ಆ್ಯಡ್‌ಹಾಕ್ ದಾರಿಯಲ್ಲಿ ಒಂದು ವರ್ಷಕ್ಕೆ 100 ಐಫೋನ್ ಮಾತ್ರ. ಪ್ರತಿ ಫೋನಿನ ಯುಡಿಐಡಿಯನ್ನು ಮೊದಲೇ ನೋಂದಾಯಿಸಬೇಕು. ನೋಂದಾಯಿಸಿದ ಮೇಲೆ ಪ್ರೊಫೈಲ್ ಹೊಸದಾಗಿ ಮಾಡಿ ಬಿಲ್ಡಿಗೆ ಮತ್ತೆ ಸಹಿ ಹಾಕಬೇಕು. ಹಳೆಯ ಬಿಲ್ಡನ್ನೇ ಮತ್ತೆ ಕಳಿಸಿ 'ಈಗ ನೋಡಿ' ಅಂದರೆ ಏನೂ ಆಗುವುದಿಲ್ಲ. ಟೆಸ್ಟ್‌ಫ್ಲೈಟ್ ಆದರೆ 10,000 ಹೊರಗಿನ ಟೆಸ್ಟರುಗಳಿಗೆ ಅವಕಾಶವಿದೆ, ನಿಜ. ಆದರೆ ಹೊರಗಿನವರಿಗೆ ಮೊದಲ ಬಿಲ್ಡ್ ಹೋಗುವ ಮುಂಚೆ ಆ್ಯಪಲ್ ರಿವ್ಯೂ ಆಗಬೇಕು. ಪ್ರತಿ ಬಿಲ್ಡಿನ ಆಯಸ್ಸು 90 ದಿನ. 91ನೇ ದಿನ ಟೆಸ್ಟರ್ ಫೋನ್ ಮಾಡಿ 'ಓಪನ್ನೇ ಆಗ್ತಿಲ್ಲ' ಅಂದರೆ ತಪ್ಪು ಯಾರದು?

'ಒಳ್ಳೇ ಟೂಲ್ ತಗೊಂಡ್ರೆ ಮುಗೀತಲ್ಲ ಗುರು' ಅನ್ನುವವರಿದ್ದಾರೆ. ಟೂಲುಗಳ ಚರಿತ್ರೆ ನೋಡಿ. 2010ರಲ್ಲಿ ಶುರುವಾದ ಟೆಸ್ಟ್‌ಫ್ಲೈಟ್ ಆಂಡ್ರಾಯ್ಡಿಗೂ ಬಿಲ್ಡ್ ಹಂಚುತ್ತಿತ್ತು. 2014ರಲ್ಲಿ ಆ್ಯಪಲ್ ಕೈಗೆ ಹೋಯಿತು, ಆಂಡ್ರಾಯ್ಡಿನ ಬಾಗಿಲು ಮುಚ್ಚಿತು. ಅದೇ ವರ್ಷ ಹಾಕಿಆ್ಯಪನ್ನು ಮೈಕ್ರೋಸಾಫ್ಟ್ ಕೊಂಡಿತು, 2019ರಲ್ಲಿ ನಿಲ್ಲಿಸಿತು, ಎಲ್ಲರನ್ನೂ ಆ್ಯಪ್ ಸೆಂಟರಿಗೆ ಹೋಗಿ ಅಂದಿತು. 2025ರ ಮಾರ್ಚ್ 31ಕ್ಕೆ ಆ್ಯಪ್ ಸೆಂಟರಿನ ಹಂಚಿಕೆಯೂ ನಿಂತಿತು. ಅನೇಕರು ಈಗ ಫೈರ್‌ಬೇಸಿಗೆ ಬಂದಿದ್ದಾರೆ. ಪ್ರತಿ ಸಲ ಮನೆ ಬದಲಾಯಿಸಿದಾಗಲೂ ಟೆಸ್ಟರುಗಳು ಹೊಸ ಇನ್ವೈಟ್ ಒಪ್ಪಿಕೊಳ್ಳಬೇಕು, ಹೊಸ ದಾರಿ ಕಲಿಯಬೇಕು. ನಾನು ಟೂಲು ಬೇಡ ಅನ್ನುತ್ತಿಲ್ಲ. ವಾಟ್ಸಾಪಿನಲ್ಲಿ ಎಸೆಯುವುದಕ್ಕಿಂತ ನೂರು ಪಾಲು ಮೇಲು. ಆದರೆ ಲಿಂಕ್ ಒತ್ತಿದಾಗ ಏನಾಯಿತು ಅಂತ ಕೇಳುವ ಮನುಷ್ಯ ಈ ಕಡೆ ಇಲ್ಲದಿದ್ದರೆ ಟೂಲ್ ಏನು ಮಾಡೀತು?

ಇನ್ನು ಎಪಿಕೆ ಫೈಲಿನ ವಿಷಯ. ಯಶವಂತಪುರದ ಯಜಮಾನರು ಅವತ್ತು ನನ್ನನ್ನು ಒಂದು ಪ್ರಶ್ನೆ ಕೇಳಿದರು. 'ಏನಪ್ಪಾ, ವಾಟ್ಸಾಪಲ್ಲಿ ಬಂದ ಮದುವೆ ಕಾರ್ಡ್ ಒತ್ತಿದ್ರೆ ದುಡ್ಡು ಹೋಗುತ್ತೆ ಅಂತ ಪೊಲೀಸ್ನೋರು ಹೇಳ್ತಾರೆ. ನೀನೂ ಅಂಥದ್ದನ್ನೇ ಕಳಿಸಿ ಒತ್ತು ಅಂತೀಯಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಮದುವೆ ಆಮಂತ್ರಣ, ಟ್ರಾಫಿಕ್ ಚಲನ್ ಅನ್ನುವ ಹೆಸರಿನಲ್ಲಿ ಎಪಿಕೆ ಕಳಿಸಿ ಜನರ ಖಾತೆ ಖಾಲಿ ಮಾಡುವ ಮೋಸ ದೇಶದಲ್ಲೆಲ್ಲ ನಡೆಯುತ್ತಿದೆ. ಗೊತ್ತಿಲ್ಲದ ಕಡೆಯ ಆ್ಯಪ್ ಹಾಕಬೇಡಿ ಅಂತ ಪೊಲೀಸರು ಗಂಟಲು ಹರಿದುಕೊಳ್ಳುತ್ತಿದ್ದಾರೆ. ನಾವು ಅದೇ ಜನಕ್ಕೆ 'ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ನೋನ್ ಆ್ಯಪ್ಸ್ ಆನ್ ಮಾಡಿ, ಪ್ಲೇ ಪ್ರೊಟೆಕ್ಟ್ ಎಚ್ಚರಿಕೆ ಕೊಟ್ಟರೆ ಪರವಾಗಿಲ್ಲ, ಮುಂದೆ ಹೋಗಿ' ಅಂತ ಟ್ರೇನಿಂಗ್ ಕೊಡುತ್ತಿದ್ದೇವೆ. ಟೆಸ್ಟಿಂಗ್ ಮುಗಿದ ಮೇಲೆ ಆ ಸ್ವಿಚ್ ಆಫ್ ಮಾಡಿ ಅಂತ ನಮ್ಮಲ್ಲಿ ಎಷ್ಟು ಜನ ಹೇಳಿದ್ದೇವೆ? ನಾನು ಹೇಳಿರಲಿಲ್ಲ. ನಾಳೆ ಆ ಬಾಗಿಲಿನಿಂದ ಕಳ್ಳ ಬಂದರೆ ಚಿಲಕ ತೆಗೆದಿಟ್ಟವನು ನಾನೇ.

ಸ್ವಂತ ಆ್ಯಪ್ ಮಾಡುವ ಗೆಳೆಯರಿಗೂ ಒಂದು ಮಾತು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಅಕೌಂಟಿಗೆ ಗೂಗಲ್ ಒಂದು ಷರತ್ತು ಹಾಕಿದೆ: ಪ್ಲೇ ಸ್ಟೋರಿಗೆ ಬಿಡುವ ಮುನ್ನ ಕ್ಲೋಸ್ಡ್ ಟೆಸ್ಟಿಂಗಿನಲ್ಲಿ ಇಷ್ಟು ಜನ 14 ದಿನ ಸತತವಾಗಿ ಇರಬೇಕು. ಮೊದಲು 20 ಜನ ಅಂದಿದ್ದರು, 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಿದರು. ಆಮೇಲೆ ನಡೆಯುವುದೇನು? ಪಿ.ಜಿ.ಯ ರೂಮ್‌ಮೇಟ್, ಯಲಹಂಕದ ಚಿಕ್ಕಪ್ಪನ ಮಗ, ಕಾಲೇಜಿನ ಹಳೇ ಬ್ಯಾಚು, ಎಲ್ಲರಿಗೂ 'ಮಗಾ, ಲಿಂಕ್ ಒತ್ತು, 14 ದಿನ ತೆಗೀಬೇಡ, ಅಷ್ಟೇ.' ಆ್ಯಪ್ ತೆರೆದು ನೋಡು ಅಂತ ಯಾರೂ ಹೇಳುವುದಿಲ್ಲ. ನಿಯಮ ಬಂದದ್ದು ಜನ ಬಳಸಿ ನೋಡಲಿ ಅಂತ. ನಾವು ಅದನ್ನು ತಲೆ ಎಣಿಕೆ ಮಾಡಿಕೊಂಡೆವು. ಟೆಸ್ಟರ್ ಒಂದು ತಲೆ ಆದಮೇಲೆ ಅವರ ಫೋನಿನಲ್ಲಿ ಆ್ಯಪ್ ಓಡಿತೋ ಬಿಟ್ಟಿತೋ ಯಾರಿಗೆ ಬೇಕು?

'ಸ್ಟಾರ್ಟಪ್ ಸ್ವಾಮಿ, ಅಷ್ಟೆಲ್ಲ ಟೈಮ್ ಎಲ್ಲಿದೆ' ಅನ್ನುವುದು ಕೊನೆಯ ವಾದ. ಲೆಕ್ಕ ಹಾಕಿ. ಹನ್ನೆರಡು ಜನ ಟೆಸ್ಟರುಗಳು ಒಂದು ಕೂರದ ಬಿಲ್ಡಿನ ಜೊತೆ ಅರ್ಧರ್ಧ ಗಂಟೆ ಗುದ್ದಾಡಿದರೆ ಆರು ಗಂಟೆ ಹೋಯಿತು. ನೀವು ಕಳಿಸುವ ಮೊದಲು ಹತ್ತು ನಿಮಿಷ ನೋಡಿದ್ದರೆ ಅದು ಉಳಿಯುತ್ತಿತ್ತು. ಟೈಮ್ ಇಲ್ಲ ಅಂತಲ್ಲ. ಹೋಗುವ ಟೈಮ್ ನಿಮ್ಮದಲ್ಲ, ಅದಕ್ಕೇ ಕಾಣುತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದೇ ಜಾಗದಿಂದ, ಒಂದೇ ಕೀಯಿಂದ ಸಹಿಯಾದ ಬಿಲ್ಡ್ ಮಾತ್ರ ಹೊರಗೆ ಹೋಗಲಿ. ಲ್ಯಾಪ್‌ಟಾಪಿನಿಂದ ಕಳಿಸಲೇಬೇಕು ಅಂದರೆ ಅದಕ್ಕೆ ಬೇರೆ ಪ್ಯಾಕೇಜ್ ಹೆಸರು ಕೊಡಿ, ಹಳೆಯದರ ಪಕ್ಕದಲ್ಲಿ ತಾನೇ ಕೂರುತ್ತೆ, ಡೇಟಾ ಉಳಿಯುತ್ತೆ. ಪ್ರತಿ ಬಿಲ್ಡಿಗೂ ನಂಬರ್ ಏರಿಸಿ, ಅದು ಆ್ಯಪಿನ ಒಳಗೆ ಕಾಣುವಂತೆ ಮಾಡಿ. ಏನು ಬದಲಾಗಿದೆ, ಏನು ನೋಡಬೇಕು ಅಂತ ಎರಡು ಸಾಲು ಬರೆಯಿರಿ. ಟೆಸ್ಟರ್ ಕನ್ನಡದವರಾದರೆ ಕನ್ನಡದಲ್ಲೇ ಬರೆಯಿರಿ. ಆಫೀಸಿನಲ್ಲಿ ಒಂದು ಅಗ್ಗದ ಹಳೇ ಫೋನ್ ಇಟ್ಟುಕೊಂಡು, ಟೆಸ್ಟರುಗಳಿಗೆ ಹೋಗುವ ಲಿಂಕಿನಿಂದಲೇ ಅದಕ್ಕೆ ಮೊದಲು ಹಾಕಿ ನೋಡಿ. ಮತ್ತು 'ಇನ್‌ಸ್ಟಾಲ್ ಆಗ್ತಿಲ್ಲ' ಅನ್ನುವುದನ್ನು ಬಗ್ ಅಂತಲೇ ದಾಖಲಿಸಿ, ಅದರ ಮುಂದೆ ಟೀಮಿನ ಒಬ್ಬರ ಹೆಸರು ಬರೆಯಿರಿ. ಅದು ಗ್ರೂಪಿನ ಹರಟೆ ಅಲ್ಲ. ನಿಮ್ಮ ಆ್ಯಪಿನ ಮೊಟ್ಟಮೊದಲ ಬಗ್ ಅದು.

ಮನಿ ಆರ್ಡರ್ ಕಾಲದ ಅಂಚೆಯಣ್ಣ ನೆನಪಿದ್ದಾನಾ? ಹಣ ಕೈಗೆ ಕೊಟ್ಟು, ಸಹಿ ಬಾರದ ಅಜ್ಜಿಯಾದರೆ ಹೆಬ್ಬೆಟ್ಟು ಒತ್ತಿಸಿಕೊಂಡೇ ಹೋಗುತ್ತಿದ್ದ. ಮುಟ್ಟಿತು ಅಂತ ಖಾತ್ರಿಯಾಗುವವರೆಗೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಅವನ ಸಂಬಳ ನಮ್ಮದಕ್ಕಿಂತ ಬಹಳ ಕಡಿಮೆ.

ಆರ್.ಟಿ. ನಗರದವರಿಗೆ ನಾನು ಫೋನ್ ಮಾಡಿದೆ, ಬಹಳ ತಡವಾಗಿ. ಏನಾಗಿತ್ತು ಅಂತ ಹೇಳಿದೆ, ಕ್ಷಮೆ ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದು ಅಂದರು: 'ನನ್ ಫೋನೇ ಸರಿ ಇಲ್ಲ ಅಂದ್ಕೊಂಡು ಹೊಸದು ಇಎಂಐ ಮೇಲೆ ತಗೊಂಡೆ ಸಾರ್.'

ಏಜೆನ್ಸಿಗೂ ಮ್ಯಾನೇಜರಿಗೂ ಮೇಲ್ ಬರೆದೆ, ತಪ್ಪು ನಮ್ಮ ಕಡೆಯದು ಅಂತ. ಉತ್ತರ ಬರಲಿಲ್ಲ. ಅವರ ಕೆಲಸ ವಾಪಸ್ ಬರಲಿಲ್ಲ.

ಇವತ್ತು ಸಂಜೆಯೂ ಯಾವುದೋ ಗ್ರೂಪಿಗೆ ಬಿಲ್ಡ್ ಬೀಳುತ್ತದೆ. ಕಳಿಸುವವರು ನೀವೇ ಆಗಿದ್ದರೆ ಕ್ಯಾಬ್ ಹತ್ತುವ ಮುಂಚೆ ಇನ್ನೊಂದು ಮೆಸೇಜ್ ಹಾಕಿ: 'ಎಲ್ಲರಿಗೂ ಇನ್‌ಸ್ಟಾಲ್ ಆಯ್ತಾ? ನಂಬರ್ ಎಷ್ಟು ತೋರಿಸ್ತಿದೆ?' ಉತ್ತರ ಬರುವವರೆಗೆ ಕಾಯಿರಿ. ಹೇಗೂ ಹೆಬ್ಬಾಳದಲ್ಲಿ ಟ್ರಾಫಿಕ್ ಇದ್ದೇ ಇರುತ್ತೆ.